ಗುಡ್ಡಕ್ಕೊಂದು ದೃಷ್ಟಿಬೊಟ್ಟು

ನನ್ನ ಬಣ್ಣದ ಪೆಟ್ಟಿಗೆಯಲ್ಲಿ ಬಣ್ಣವಲ್ಲದ ಸಾಮಾನೊಂದಿದೆ. ಅಂಗೈಯಲ್ಲಿ ಮುಚ್ಚಿಟ್ಟುಕೊಳ್ಳಬಹುದಾದಷ್ಟು ಚಿಕ್ಕ ಕಾಡಿಗೆ ಡಬ್ಬಿ. ಮೊನ್ನೆ ಬಂಗಾರಪೇಟೆ ಸ್ಟೇಷನ್ನಿನಲ್ಲಿ ರೈಲು ಹತ್ತುವ ಗಡಿಬಿಡಿಯಲ್ಲಿ ಪೆಟ್ಟಿಗೆ ಕೈಜಾರಿ, ಟ್ಯೂಬುಗಳೂ ಬ್ರಷ್ಷುಗಳೂ ಪ್ಲಾಟ್‌ಫಾರಂ ತುಂಬ ಚೆಲ್ಲಾಡಿದವು. ಹೆಕ್ಕಿಕೊಡಲು ಬಂದ ಹೆಂಗಸೊಬ್ಬರು ಮಿಕ್ಕಿದ್ದೆಲ್ಲ ಬಿಟ್ಟು ಈ ಡಬ್ಬಿಯನ್ನೇ ಮೊದಲು ಎತ್ತಿ ನನ್ನ ಕೈಗಿಟ್ಟರು. ಇಟ್ಟವರೇ, ಮಗು ಎಲ್ಲಿ ಎಂದು ಸುತ್ತಮುತ್ತ ನೋಡಿದರು. ಐವತ್ತು ದಾಟಿದ ನಾನು, ಇದು ಮಗುವಿಗಲ್ಲ, ಬೆಟ್ಟಗುಡ್ಡಗಳಿಗೆ ಹಚ್ಚಲು ಇಟ್ಟುಕೊಂಡಿದ್ದೇನೆ ಎಂದು ಹೇಳುವುದಾದರೂ ಹೇಗೆ? ಮೊಮ್ಮಗಳು ಮನೆಯಲ್ಲಿದ್ದಾಳೆ ಅಂದುಬಿಟ್ಟೆ. ನನಗೆ ಮೊಮ್ಮಗಳಿಲ್ಲ.

ನೀವು ನನ್ನ ಚಿತ್ರ ನೋಡಿರುವ ಸಂಭವ ಕಡಿಮೆ. ನೋಡಿದ್ದರೆ, ಪ್ರತಿಯೊಂದರ ಮೂಲೆಯಲ್ಲೂ ಒಂದು ಕಪ್ಪು ಬೊಟ್ಟು ಇರುವುದು ಕಣ್ಣಿಗೆ ಬಿದ್ದಿರುತ್ತದೆ. ಕೆರೆಯಿರಲಿ, ಕೊಕ್ಕರೆಯಿರಲಿ, ಹುಣಸೆಮರವಿರಲಿ, ಎಲ್ಲಕ್ಕೂ ಒಂದು ಬೊಟ್ಟು. ಒಮ್ಮೆ ಗೆಳತಿಯೊಬ್ಬಳ ಒತ್ತಾಯಕ್ಕೆ ಬೆಂಗಳೂರಿನ ಒಂದು ಪ್ರದರ್ಶನದಲ್ಲಿ ನಾಲ್ಕಾರು ಚಿತ್ರ ತೂಗುಹಾಕಿದ್ದೆ. ಗಡ್ಡ ಬಿಟ್ಟ ಯುವಕರೊಬ್ಬರು ಬಂದು ಬಹಳ ಹೊತ್ತು ನಿಂತು, ಈ ಕಪ್ಪು ಬಿಂದು ಶೂನ್ಯವನ್ನು ಸೂಚಿಸುತ್ತದೆಯೇ ಮೇಡಂ ಎಂದು ಕೇಳಿದರು. ಅವರ ಮುಖದಲ್ಲಿದ್ದ ಭಕ್ತಿ ನೋಡಿ ಇಲ್ಲವೆನ್ನಲು ಬಾಯಿ ಬರಲಿಲ್ಲ. ಒಂದು ರೀತಿಯಲ್ಲಿ ಹೌದು ಎಂದೆ. ಸಂಜೆಗೆ ಚಿತ್ರಗಳೆಲ್ಲ ಹೋದ ಹಾಗೇ ನನ್ನ ಜೊತೆ ರೈಲಿನಲ್ಲಿ ವಾಪಸು ಬಂದವು.

ಕೆ.ಜಿ.ಎಫ್.ನ ಆಂಡರ್ಸನ್‌ಪೇಟೆಯ ಶಾಲೆಯೊಂದರಲ್ಲಿ ನಾನು ಕನ್ನಡ ಮೇಷ್ಟರಮ್ಮ. ವಾಸ ಬಂಗಾರಪೇಟೆ. ಬೆಳಗಾದರೆ ಕೆ.ಜಿ.ಎಫ್.ನ ಜನವೆಲ್ಲ ಬೆಂಗಳೂರಿನ ಕಡೆ ಓಡುತ್ತದೆ, ನಾನೊಬ್ಬಳು ಎದುರು ದಿಕ್ಕಿಗೆ ಮಾರಿಕುಪ್ಪಂ ರೈಲು ಹತ್ತುತ್ತೇನೆ. ಅವರು ಬಾಗಿಲಿನಲ್ಲಿ ಜೋತುಬಿದ್ದು ಹೋಗುವ ಹೊತ್ತಿನಲ್ಲಿ ನನಗೆ ಎರಡೂ ಕಡೆಯ ಕಿಟಕಿ ಖಾಲಿ. ಜೀವನದಲ್ಲಿ ನನಗೆ ಸಿಕ್ಕ ದೊಡ್ಡ ಸವಲತ್ತು ಇದೇ ಎನ್ನಬೇಕು. ಉರಿಗಾಂ ದಾಟುವಷ್ಟರಲ್ಲಿ ಮಡಿಲ ಮೇಲೆ ಹಾಳೆ ಬಿಚ್ಚಿರುತ್ತದೆ. ರೈಲು ಕುಲುಕಿದಾಗ ಎಳೆದ ಗೆರೆಗಳು ತಾಳೆಮರವಾಗುತ್ತವೆ, ನಿಂತಾಗ ಎಳೆದವು ಬಂಡೆಯಾಗುತ್ತವೆ. ನನ್ನ ಚಿತ್ರಗಳಲ್ಲಿ ತಾಳೆಮರ ಜಾಸ್ತಿ.

ಆಮೇಲೆ ನಮ್ಮ ಸೈನೈಡ್ ಗುಡ್ಡಗಳು. ಗಣಿಯಿಂದ ತೆಗೆದ ಕಲ್ಲನ್ನು ಅರೆದು, ಸೈನೈಡ್ ಹಾಕಿ ಚಿನ್ನ ಹಿಂಡಿಕೊಂಡು, ಉಳಿದ ಪುಡಿಯನ್ನು ಸುರಿದು ಸುರಿದು ಆದ ಗುಡ್ಡಗಳು. ಅವುಗಳ ಬಣ್ಣ ಹಿಡಿಯುವುದು ನನಗೆ ಇವತ್ತಿಗೂ ಬಂದಿಲ್ಲ. ಬಿಳಿ ಹಾಕಿದರೆ ಸುಣ್ಣವಾಗುತ್ತದೆ, ಬೂದಿ ಹಾಕಿದರೆ ಸೂತಕವಾಗುತ್ತದೆ. ಹುರಿದ ರಾಗಿಯ ಹಿಟ್ಟು ಜರಡಿಯಿಂದ ಬೀಳುವಾಗ ಒಂದು ಬಣ್ಣ ಇರುತ್ತದಲ್ಲ, ಹತ್ತಿರ ಹತ್ತಿರ ಅದು. ರೈಲಿನ ಜೊತೆಗಾತಿ ಸೆಲ್ವಿ ಒಂದು ದಿನ ನನ್ನ ಹಾಳೆಗೆ ಇಣುಕಿ ಹಾಕಿದಳು. ಚಾಂಪಿಯನ್ ಗಣಿ ಕಡೆಯ ಕೂಲಿಕಾರರ ಲೈನ್ ಮನೆಗಳಲ್ಲಿ ಹುಟ್ಟಿ ಬೆಳೆದವಳು, ಅಂಗನವಾಡಿ ಟೀಚರು, ಒಂದೇ ವಾಕ್ಯದಲ್ಲಿ ಮೂರು ಭಾಷೆ ಹದ ಮಾಡಿ ಆಡುವವಳು. “ಅಕ್ಕಾ, ಇದು ನಮ್ಮ ಸೈನೈಡ್ ಮಲೈ ತಾನೆ? ಇಷ್ಟು ಅಳಗಾ ಇದೆಯಾ ಅದು?” ಎಂದಳು. ಅಷ್ಟು ಚೆಂದವಿದೆಯಾ ಎಂದು ಅವಳ ಅನುಮಾನ. ಗಾಳಿಕಾಲದಲ್ಲಿ ಅದರ ದೂಳು ಅನ್ನದ ತಟ್ಟೆಗೂ ಬೀಳುತ್ತಿತ್ತಂತೆ, ಅದನ್ನು ಚೆಂದ ಅಂದವರನ್ನು ಅವಳು ನೋಡಿರಲಿಲ್ಲ. ಅಂದಿನಿಂದ ಇಳಿಯುವ ಮುಂಚೆ ಕಿಟಕಿಯಲ್ಲಿ ಒಂದು ಸಲ ಅದನ್ನು ನೋಡಿ ಇಳಿಯುತ್ತಾಳೆ.

ಇನ್ನು ಪ್ರಾಣಿಪಕ್ಷಿಗಳ ವಿಷಯ. ಅದನ್ನು ಹೇಳಲು ನನಗೆ ಸಂಕೋಚ. ರಜಾ ಬಂತೆಂದರೆ ಕಾಡುಪ್ರಾಣಿ ಬರೆಯುತ್ತೇನೆಂದು ಚೀಲ ನೇತುಹಾಕಿಕೊಂಡು ಬಸ್ಸು ಹತ್ತುತ್ತೇನೆ, ನಿಜ. ಆದರೆ ನನ್ನ ಪ್ರಾಣಿಚಿತ್ರಗಳಲ್ಲಿ ಪ್ರಾಣಿ ಇರುವುದಿಲ್ಲ. ಅದು ಈಗಷ್ಟೇ ಬಿಟ್ಟುಹೋದ ಜಾಗ ಇರುತ್ತದೆ. ಬೇತಮಂಗಲದ ಕೆರೆ ಏರಿಯ ಮೇಲೆ ಕೂತು ನೀರುಕಾಗೆಗಳನ್ನು ಬರೆಯಲು ಪೆನ್ಸಿಲ್ ಚೂಪು ಮಾಡಿಕೊಳ್ಳುತ್ತೇನೆ. ಚೂಪಾಗುವಷ್ಟರಲ್ಲಿ ಅವು ಆಚೆ ದಡದಲ್ಲಿರುತ್ತವೆ. ಆಚೆ ದಡಕ್ಕೆ ಸುತ್ತಿಹೋದರೆ ಈಚೆ ದಡಕ್ಕೆ ಬಂದಿರುತ್ತವೆ. ಕೊನೆಗೆ ಅವು ಕೂತಿದ್ದ ಕಲ್ಲನ್ನು, ಕಲ್ಲಿನ ಮೇಲಿನ ಬಿಳಿ ಹಿಕ್ಕೆಯನ್ನು ಬಹಳ ಶ್ರದ್ಧೆಯಿಂದ ಬರೆದು ಎದ್ದು ಬರುತ್ತೇನೆ. ಕೆ.ಜಿ.ಎಫ್. ಹೊರಗಿನ ಬಯಲಿನಲ್ಲಿ ಕೃಷ್ಣಮೃಗಗಳಿವೆ. ನಾನು ಬರೆದಿರುವುದು ಅವು ಹಾರಿಹೋದ ಮೇಲೆ ಅಲ್ಲಾಡುತ್ತಿದ್ದ ಹುಲ್ಲು.

ಕಾಮಸಮುದ್ರದ ಕಡೆ ಆನೆ ಬಂದಿವೆಯೆಂದು ಸುದ್ದಿ ಬಂದಾಗಲೂ ಹೀಗೇ ಆಯಿತು. ಎಲ್ಲರೂ ಆ ಕಡೆಯಿಂದ ಈ ಕಡೆ ಬರುತ್ತಿದ್ದರೆ ನಾನು ಈ ಕಡೆಯಿಂದ ಆ ಕಡೆ ಹೋದೆ. ವೆಂಕಟರಮಣಪ್ಪ ಎನ್ನುವ ರೈತರ ಟೊಮೆಟೊ ತೋಟದ ಬದುವಿನ ಮೇಲೆ ನಿಂತೆ. ತೋಟ ತುಳಿದು ಹಪ್ಪಳವಾಗಿತ್ತು, ಮೊರದಗಲದ ಹೆಜ್ಜೆಗಳಲ್ಲಿ ನೀರು ನಿಂತಿತ್ತು, ಆನೆ ಮಾತ್ರ ಬೆಳಕು ಹರಿಯುವ ಮುಂಚೆಯೇ ಗಡಿ ದಾಟಿ ಆಂಧ್ರಕ್ಕೆ ಹೋಗಿದ್ದವು. ಬೇರೆ ದಾರಿ ಕಾಣದೆ ಹೆಜ್ಜೆಗಳನ್ನೇ ಬರೆಯುತ್ತ ಕೂತೆ. ಹಿಂದೆ ನಿಂತು ನೋಡುತ್ತಿದ್ದ ವೆಂಕಟರಮಣಪ್ಪ ನಾನು ಕಾಡಿಗೆ ಡಬ್ಬಿ ತೆಗೆದದ್ದನ್ನು ಕಂಡು ಏನೆಂದು ವಿಚಾರಿಸಿದರು. ಗಡ್ಡದವರಿಗೆ ಹೇಳದ ಸತ್ಯವನ್ನು ಇವರಿಗೆ ಹೇಳಿದೆ. ಅವರು ನಗಲಿಲ್ಲ. ಬೆರಳು ಚಾಚಿ ಹಾಳೆಯ ಒಂದು ಮೂಲೆ ತೋರಿಸಿ, “ಈ ಮೂಲೇಗೆ ಇಡಮ್ಮ. ಅಲ್ಲಿಂದ್ಲೇ ಅವು ಇಳಿಯೋದು” ಎಂದರು. ನಾನು ಅಲ್ಲೇ ಇಟ್ಟೆ. ಅದಾದ ಮೇಲೆ ಆನೆ ಬಂದವೋ ಇಲ್ಲವೋ ನನಗೆ ಗೊತ್ತಿಲ್ಲ, ವಿಚಾರಿಸಲು ಧೈರ್ಯವೂ ಬರಲಿಲ್ಲ.

ನನಗೆ ಅಲ್ಲಾಡದೆ ನಿಂತುಕೊಟ್ಟ ಪ್ರಾಣಿ ಇಡೀ ಬದುಕಿನಲ್ಲಿ ಒಂದೇ. ಅದು ಕೆಂಪಿ, ನಮ್ಮತ್ತೆಯ ಹಸು. ಬೊಟ್ಟಿನ ಕಥೆ ಶುರುವಾದದ್ದೂ ಅಲ್ಲಿಂದಲೇ.

ಅತ್ತೆ ಎಂದರೆ ಸೋದರತ್ತೆ, ಅಪ್ಪನ ತಂಗಿ, ಮುನಿಯಮ್ಮತ್ತೆ. ಬಂಗಾರಪೇಟೆಯಿಂದ ಕಾಮಸಮುದ್ರಕ್ಕೆ ಹೋಗುವ ದಾರಿಯಲ್ಲಿರುವ ನಮ್ಮೂರಿನಲ್ಲೇ ಅವಳನ್ನು ಕೊಟ್ಟಿದ್ದು, ಎದುರು ಮನೆಗೆ. ಅವಳ ಮನೆಯ ಮೊಸರು ಗಣಿ ಲೈನಿನ ಮನೆಗಳಿಗೆ ಹೋಗುತ್ತಿತ್ತು. ತಲೆಯ ಮೇಲೆ ಸಿಂಬಿ, ಸಿಂಬಿಯ ಮೇಲೆ ಗಡಿಗೆ ಇಟ್ಟುಕೊಂಡು ಬಂಗಾರಪೇಟೆಗೆ ನಡೆದು ರೈಲು ಹತ್ತುತ್ತಿದ್ದಳು. ಸ್ಕೂಲಿಲ್ಲದ ದಿನ ನಾನೂ ಬಾಲದ ಹಾಗೆ ಹಿಂದೆ. ನಾನು ರೈಲು ಹತ್ತಿದ್ದು ಅವಳ ಸೆರಗು ಹಿಡಿದು, ಸೈನೈಡ್ ಗುಡ್ಡ ಮೊದಲು ನೋಡಿದ್ದು ಅವಳ ತೊಡೆಯ ಮೇಲೆ ಕೂತು. ರೈಲಿನಲ್ಲಿ ಅವಳು ಸುಮ್ಮನೆ ಕೂರುವ ಪೈಕಿಯಲ್ಲ. ಅಗೋ ಅಲ್ಲಿ ಗೀಜಗನ ಗೂಡು, ಇಗೋ ಇಲ್ಲಿ ಬಂಡೆ ಮೇಲೆ ಓತಿಕ್ಯಾತ ತಲೆ ಕುಣಿಸುತ್ತಿದೆ, ನೋಡು ಆ ಗುಡ್ಡದ ನೆರಳು ಬೆಳಿಗ್ಗೆ ಆ ಕಡೆ ಇತ್ತು ಈಗ ಈ ಕಡೆ ಬಂದಿದೆ ಎಂದು ನನ್ನ ಗಲ್ಲ ಹಿಡಿದು ತಿರುಗಿಸಿ ತಿರುಗಿಸಿ ತೋರಿಸುತ್ತಿದ್ದಳು. ನೋಡುವುದನ್ನು ನನಗೆ ಕಲಿಸಿದವಳು ಅವಳೇ. ಅವಳ ಅಂಗೈಗೆ ಯಾವಾಗಲೂ ಹುಳಿ ಮೊಸರಿನ ವಾಸನೆ. ಗುಡ್ಡದ ಬಣ್ಣ ಕಲಸುವಾಗ ಇವತ್ತಿಗೂ ನನ್ನ ಮೂಗಿಗೆ ಆ ವಾಸನೆ ಬರುತ್ತದೆ.

ಒಂದು ಸಂಕ್ರಾಂತಿಗೆ ಮನೆಗಳ ಗೋಡೆಗೆ ಸುಣ್ಣ ಕೆಮ್ಮಣ್ಣು ಬಳಿಯುತ್ತಿದ್ದರು. ದನಗಳ ಕೊಂಬಿಗೆ ಹಚ್ಚುವ ನೀಲಿಯೂ ಉಳಿದಿತ್ತು. ಅತ್ತೆಯ ಕೊಟ್ಟಿಗೆಯ ಗೋಡೆ ಹೊಸ ಸುಣ್ಣದಲ್ಲಿ ಬೆಳ್ಳಗೆ ಹೊಳೆಯುತ್ತಿತ್ತು. ನನಗೆ ಕೈ ನವೆ. ಮೆಲುಕು ಹಾಕುತ್ತ ನಿಂತಿದ್ದ ಕೆಂಪಿಯನ್ನು ನೋಡಿಕೊಂಡು, ಮೈಗೆ ಕೆಮ್ಮಣ್ಣು, ಕಣ್ಣಿಗೆ ಇದ್ದಿಲು, ಕೊಂಬಿಗೆ ನೀಲಿ ಹಚ್ಚಿ ಗೋಡೆ ತುಂಬ ಅದನ್ನೇ ಬರೆದೆ. ಕಾಲು ಐದಾಗಿತ್ತು, ಒಂದನ್ನು ಬಾಲವೆಂದು ಹೇಳಿ ಸುಧಾರಿಸಿದೆ. ಬೈಗುಳ ತಿನ್ನಲು ತಯಾರಾಗಿ ನಿಂತಿದ್ದರೆ ಅತ್ತೆ ಬೈಯಲಿಲ್ಲ, ಗೋಡೆಯ ಮುಂದೆ ಬಂದಳು. ಸೊಂಟದ ಮೇಲೆ ಕೈಯಿಟ್ಟು ನಿಂತಳು, ಒಳಗೆ ಹೋದಳು, ಮತ್ತೆ ಬಂದು ನಿಂತಳು. ಹಾಲಿಗೆ ಬಂದವರನ್ನೆಲ್ಲ ಕೈಹಿಡಿದು ಕೊಟ್ಟಿಗೆಗೆ ಕರೆದುಕೊಂಡು ಹೋಗಿ ತೋರಿಸಿದಳು. ಅವತ್ತು ನಾನು ನೆಲದ ಮೇಲೆ ನಡೆಯಲಿಲ್ಲ.

ಮಾರನೆಯ ದಿನ ಕೆಂಪಿಗೆ ಕೆಚ್ಚಲು ಬಾವು ಬಂತು. ಸೊಪ್ಪು ಅರೆದು ಹಚ್ಚಿದರು, ಬಂಗಾರಪೇಟೆಯಿಂದ ಡಾಕ್ಟರೂ ಬಂದರು. ಹಸು ಉಳಿಯಿತು, ಆದರೆ ಒಂದು ಮೊಲೆ ಬತ್ತಿಹೋಯಿತು. ಅಂಥ ಬಾವು ಯಾವ ಹಸುವಿಗಾದರೂ ಬರುತ್ತದೆಂದು ಡಾಕ್ಟರು ಹೇಳಿದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಚಿತ್ರ ಬರೆದು ಊರಿಗೆಲ್ಲ ತೋರಿಸಿದರೆ ಕಣ್ಣು ತಾಕದೆ ಇರುತ್ತದೆಯೇ ಎಂದು ಬೀದಿಯೇ ಮಾತಾಡಿತು. ಅತ್ತೆ ಒಬ್ಬಳೇ ಬಕೆಟ್ಟು ಹಿಡಿದು ಹೋಗಿ ಗೋಡೆಗೆ ಮತ್ತೆ ಸುಣ್ಣ ಬಳಿದಳು. ನಮ್ಮಜ್ಜಿ, ಅಂದರೆ ಅತ್ತೆಯ ತಾಯಿ, ನನ್ನನ್ನು ಪಕ್ಕ ಕೂರಿಸಿಕೊಂಡು ಈ ಕಾಡಿಗೆ ಡಬ್ಬಿಯನ್ನು ಕೊಟ್ಟರು. ಏನು ಬೇಕಾದರೂ ಬರಿ, ಆದರೆ ಬರೆದದ್ದಕ್ಕೆ ಒಂದು ಬೊಟ್ಟಿಡದೆ ಎದ್ದೇಳಬೇಡ ಎಂದರು. ಡಬ್ಬಿ ಅದೇ, ಕಾಡಿಗೆ ಮಾತ್ರ ಎಷ್ಟೋ ಸಲ ಬದಲಾಗಿದೆ. ಇದನ್ನೆಲ್ಲ ನಂಬುತ್ತೀರಾ ಎಂದು ನನ್ನನ್ನು ಕೇಳಬೇಡಿ. ಮಕ್ಕಳಿಗೆ ಮೂಢನಂಬಿಕೆಯ ಪಾಠ ಮಾಡುವ ದಿನ ಪೆಟ್ಟಿಗೆಯನ್ನು ಸ್ಟಾಫ್ ರೂಮಿನಲ್ಲಿ ಬೀಗ ಹಾಕಿ ಇಡುತ್ತೇನೆ.

ಗೋಡೆಗೆ ಸುಣ್ಣ ಬಳಿದ ದಿನದಿಂದ ಅತ್ತೆ ನನ್ನ ಒಂದೇ ಒಂದು ಚಿತ್ರವನ್ನೂ ನೋಡಲಿಲ್ಲ.

ಕೋಪ ಮಾಡಿಕೊಂಡಳು ಅನ್ನುವ ಹಾಗಿರಲಿಲ್ಲ. ಅದೇ ಪ್ರೀತಿ, ಅದೇ ಅವರೆಕಾಳು ಸಾರು, ಅದೇ ತಲೆಗೆ ಎಣ್ಣೆ ತಟ್ಟುವ ಕೈ. ಆದರೆ ನಾನು ಹಾಳೆ ಬಿಚ್ಚಿದರೆ ಸಾಕು, ಒಲೆ ಮೇಲೆ ಏನೋ ಇಟ್ಟಿದ್ದೀನಿ ಎಂದು ಎದ್ದು ಹೋಗುತ್ತಿದ್ದಳು. ಸ್ಕೂಲಿನಲ್ಲಿ ಬಹುಮಾನ ಬಂದ ಚಿತ್ರ ತೆಗೆದುಕೊಂಡು ಓಡಿದಾಗ ಮುಖವನ್ನು ಆ ಕಡೆ ತಿರುಗಿಸಿಕೊಂಡೇ ನನ್ನ ಬೆನ್ನು ತಟ್ಟಿದಳು. ಮದುವೆಯಾಗಿ ಬಂಗಾರಪೇಟೆಗೆ ಬಂದ ಮೇಲೆ ಚೌಕಟ್ಟು ಹಾಕಿಸಿ ಕೆರೆಯ ಚಿತ್ರವೊಂದನ್ನು ಕೊಟ್ಟೆ, ಅದನ್ನು ಗೋಡೆಗೆ ಮುಖ ಮಾಡಿ ಒರಗಿಸಿಟ್ಟಳು. ನಾನು ಅಪಶಕುನದ ಕೈಯವಳು ಎಂದು ಅವಳು ತೀರ್ಮಾನ ಮಾಡಿಬಿಟ್ಟಿದ್ದಾಳೆಂದೇ ತಿಳಿದಿದ್ದೆ. ಕೇಳಲು ಭಯ. ಹೌದು ಅಂದುಬಿಟ್ಟರೆ? ಕಂಡಕಂಡ ಬಸ್ಸು ರೈಲು ಹತ್ತಿ ಬೆಟ್ಟ ಕೆರೆ ಬರೆಯುತ್ತ ತಿರುಗಿದ್ದೇನಲ್ಲ, ನಿಜ ಹೇಳಬೇಕೆಂದರೆ ಗಡ್ಡದವರು ನೋಡಲೆಂದಲ್ಲ. ನನಗೆ ನೋಡಲು ಕಲಿಸಿದವಳು ಒಂದು ಸಲ ನೋಡಬೇಕಿತ್ತು. ಅಷ್ಟೇ ನನಗೆ ಬೇಕಾಗಿದ್ದದ್ದು.

ಹೋದ ವರ್ಷ ಅತ್ತೆಯ ಕಣ್ಣಿಗೆ ಪೊರೆ ಬಂತು. ಹತ್ತಿರ ಬಂದವರನ್ನು ದನಿ ಕೇಳಿ ಗುರುತಿಸುವ ಸ್ಥಿತಿಗೆ ಬಂದಾಗ ಸೊಸೆ ಬಲವಂತ ಮಾಡಿ ಆಸ್ಪತ್ರೆಗೆ ಕರೆದೊಯ್ದು ಒಂದು ಕಣ್ಣಿಗೆ ಆಪರೇಷನ್ ಮಾಡಿಸಿದಳು. ಕಪ್ಪು ಕನ್ನಡಕ ಹಾಕಿಕೊಂಡು ಜಗಲಿಯ ಮೇಲೆ ಕೂತ ಅತ್ತೆ ಪೊಲೀಸ್ ಅಧಿಕಾರಿಯ ಹಾಗೆ ಕಾಣುತ್ತಿದ್ದಳು. ನೋಡಲು ಹೋದ ನನ್ನ ಚೀಲದಲ್ಲಿ ಚಿತ್ರದ ಪುಸ್ತಕವಿತ್ತು. ಅದರ ಕಡೆ ಒಂದು ಸಲ ತಿರುಗಿ, ಇನ್ನೂ ಒಂದು ಬಾಕಿ ಇದೆ ಎಂದಳು. ಆಪರೇಷನ್ ಬಗ್ಗೆ ಹೇಳುತ್ತಿದ್ದಾಳೆಂದುಕೊಂಡೆ.

ಕೆಲವು ತಿಂಗಳ ಮೇಲೆ ಇನ್ನೊಂದು ಕಣ್ಣಿಗೂ ಆಯಿತು. ಈ ಬೇಸಿಗೆಯಲ್ಲಿ ಒಂದು ಭಾನುವಾರ ಊರಿಗೆ ಹೋದೆ. ಸೊಸೆ ಕೊಟ್ಟಿಗೆಯಲ್ಲಿ ಸೀಮೆಹಸುಗಳಿಗೆ ಮೇವು ಹಾಕುತ್ತಿದ್ದಳು. ಆ ಗೋಡೆ ಈಗಿಲ್ಲ, ಸಿಮೆಂಟ್ ಇಟ್ಟಿಗೆಯದು ಬಂದಿದೆ. ಅತ್ತೆ ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದಳು, ಕಪ್ಪು ಕನ್ನಡಕ ಇರಲಿಲ್ಲ. ಕಾಫಿ ಕುಡಿದಾದ ಮೇಲೆ ಕೈ ಚಾಚಿದಳು.

“ಎಲ್ಲಿ, ತಾ ನಿನ್ ಬೊಂಬೆ ಪುಸ್ಕ.”

ನನಗೆ ಸರಿಯಾಗಿ ಕೇಳಿಸಿತೋ ಇಲ್ಲವೋ ಎನಿಸಿತು. ಇಷ್ಟು ವರ್ಷ ಇಲ್ಲದ್ದು ಈಗ ಯಾಕತ್ತೆ ಎಂದೆ.

“ಇಷ್ಟ್ ವರ್ಸ ಇದ್ದಿದ್ದು ನನ್ ಕಣ್ಣು” ಎಂದಳು ಅತ್ತೆ. “ಗ್ವಾಡೆ ಮ್ಯಾಲೆ ಆ ಕೆಂಪೀನ ನಾನ್ ಎಂಗ್ ನೋಡ್ದೆ ನಿಂಗೇನ್ ಗೊತ್ತು? ಒಲೆ ಮ್ಯಾಲೆ ಸಾರು ಸೀದೋಗ್ತಿದ್ರೂ ನೋಡ್ಕೊಂಡ್ ನಿಂತಿದ್ದೆ. ಬೀದೀಲಿರೋರ್ ಕಣ್ಣು ಅಂದ್ರು ಎಲ್ಲಾ. ಬೀದೀಲಿರೋರ್ದಲ್ಲ ಕಣಮ್ಮಿ, ನಂದೇ ತಾಕಿದ್ದು. ಅಷ್ಟ್ ಆಸೆಯಿಂದ ಇನ್ಯಾರ್ ನೋಡ್ತಾರೆ? ನಿನ್ ಬೊಂಬೆ ಒಂದೊಂದೂ ಅಂಗೇ ನೋಡ್ಬೇಕು ಅನ್ಸೋದು. ನೋಡಿ, ನಿನ್ ಕೈಗೆ ಏನಾರ ಆದ್ರೆ? ಅದುಕ್ಕೇ ಮಕ ತಿರುಗಿಸ್ಕೊಂಡೆ.”

ಅತ್ತೆ ತನ್ನ ಕಣ್ಣುಗಳ ಕಡೆ ಬೆರಳು ಮಾಡಿದಳು. “ಈಗ ಎಲ್ಡೂ ತೆಗ್ದು ಗಾಜು ಕೂರ್ಸವ್ರೆ. ಒಂದ್ ಕಣ್ ಆದಾಗ್ಲೇ ನೋಡ್ಬೋದಾಗಿತ್ತು, ಇನ್ನೊಂದು ಅಳೇದೇ ಇತ್ತಲ್ಲ, ಅದುಕ್ಕೆ ಕಾದೆ. ಗಾಜು ಯಾರ್ಗೂ ತಾಕಲ್ಲ. ತಾ ಇಲ್ಲಿ.”

ನನಗೆ ಅಳು ಬಂತು, ತಡೆದುಕೊಳ್ಳಲಿಲ್ಲ. ಇಷ್ಟು ವರ್ಷ ಅವಳ ಬೆನ್ನನ್ನೇ ನೋಡಿ ನೊಂದುಕೊಂಡಿದ್ದೆ, ಆ ಕಡೆ ತಿರುಗಿದ್ದ ಮುಖದಲ್ಲಿ ಏನಿತ್ತೆಂದು ಒಂದು ದಿನವೂ ಯೋಚಿಸಿರಲಿಲ್ಲ. ಕಣ್ಣು ಒರೆಸಿಕೊಂಡು ಪುಸ್ತಕವನ್ನು ಅವಳ ತೊಡೆಯ ಮೇಲಿಟ್ಟೆ.

ಅತ್ತೆ ಆತುರಪಡಲಿಲ್ಲ. ಪ್ರತಿ ಹಾಳೆಯನ್ನೂ ಹತ್ತಿರ ಹಿಡಿದು, ದೂರ ಹಿಡಿದು, ಬಿಸಿಲಿಗೆ ಹಿಡಿದು ನೋಡಿದಳು. ಬೇತಮಂಗಲದ ಕಲ್ಲಿನ ಮೇಲಿನ ಹಿಕ್ಕೆ ನೋಡಿ ನೀರುಕಾಗೆ ಎಂದು ಸರಿಯಾಗಿ ಹೇಳಿದಳು. ಕಾಮಸಮುದ್ರದ ತೋಟ ಬಂದಾಗ ಆನೆ ಎಲ್ಲಿ ಎಂದು ಹುಡುಕಿದಳು. ನಾನು ಹೋಗುವಷ್ಟರಲ್ಲಿ ಹೊರಟುಹೋಗಿದ್ದವು ಅಂದೆ. ನೀನು ಚಿಕ್ಕವಳಿದ್ದಾಗಲೂ ಹಾಗೇ, ಎಲ್ಲದಕ್ಕೂ ಲೇಟು, ರೈಲಿಗೆ ನಿನ್ನನ್ನು ಎಳೆದುಕೊಂಡು ಓಡಬೇಕಾಗಿತ್ತು ಎಂದು ನಕ್ಕಳು. ಸೈನೈಡ್ ಗುಡ್ಡದ ಹಾಳೆ ಬಂದಾಗ ಮಾತ್ರ ನಗು ನಿಂತಿತು. ಅದರ ಮೇಲೆ ಬೆರಳಾಡಿಸಿದಳು, ಏನಾದರೂ ಅಂಟುತ್ತದೆಯೋ ಎಂದು ಬೆರಳನ್ನು ನೋಡಿಕೊಂಡಳು. ಮೊಸರು ಹೊರುತ್ತಿದ್ದ ಕಾಲಕ್ಕೆ ಇದರ ಮೇಲೆ ಈ ಗಿಡಗಳಿರಲಿಲ್ಲ, ಮಿಕ್ಕಿದ್ದೆಲ್ಲ ಹೀಗೇ ಇತ್ತು ಎಂದಳು. ಹಾಲು ಕರೆಯುವ ಹೊತ್ತಾಗಿ ಸೊಸೆ ಒಳಗೆ ಕರೆದರೂ ಏಳಲಿಲ್ಲ. ಕೊನೆಯ ಹಾಳೆ ಮುಗಿದ ಮೇಲೆ ಮತ್ತೆ ಮೊದಲಿನಿಂದ ಶುರುಮಾಡಿದಳು.

ಹೊರಡುವಾಗ ನನ್ನ ಪೆಟ್ಟಿಗೆಯನ್ನು ಅವಳೇ ತೆರೆದು ಕಾಡಿಗೆ ಡಬ್ಬಿಯನ್ನು ಹುಡುಕಿ ತೆಗೆದಳು. ತನ್ನ ತಾಯಿಯ ಡಬ್ಬಿಯೆಂದು ಗುರುತು ಸಿಕ್ಕಿತೇನೋ, ಸ್ವಲ್ಪ ಹೊತ್ತು ಅಂಗೈಯಲ್ಲಿ ಇಟ್ಟುಕೊಂಡಿದ್ದಳು. ಆಮೇಲೆ ನನ್ನ ಬಲಗೈಯನ್ನು ಎಳೆದುಕೊಂಡು, ಮಣಿಕಟ್ಟಿನ ಒಳಗೆ ದೊಡ್ಡದೊಂದು ಬೊಟ್ಟಿಟ್ಟಳು. ಗಾಜಿನ ಕಣ್ಣು ತಾಕುವುದಿಲ್ಲ ಅಂದೆಯಲ್ಲ ಅತ್ತೆ ಎಂದೆ.

“ಯಾವ್ದುಕ್ಕೂ ಇರ್ಲಿ” ಎಂದಳು.

ಮಾರನೆಯ ದಿನ ರೈಲಿನಲ್ಲಿ ಕೂತು ಗುಡ್ಡವನ್ನು ಮತ್ತೊಂದು ಸಲ ಬರೆದೆ. ಬಣ್ಣ ಆವತ್ತು ಸ್ವಲ್ಪ ಸರಿಬಂತೆಂದು ನನಗನ್ನಿಸಿತು, ಸೆಲ್ವಿಯೂ ಹಾಗೇ ಅಂದಳು. ಇಳಿಯುವ ಮುಂಚೆ ಹಾಳೆಯನ್ನು ಪೂರ್ತಿ ನೋಡಿದ ಅವಳು, ಬೊಟ್ಟು ಇಡೋದು ಮರೆತೆಯಾ ಅಕ್ಕಾ ಎಂದು ಕೇಳಿದಳು. ಮರೆತಿರಲಿಲ್ಲ. ಕೈ ತಿರುಗಿಸಿ ತೋರಿಸಿದೆ.